ಹುಳುಕು

ಲೊಬೋ ತೀರಿಕೊಂಡ ವರ್ಷ ಅವನ ಮಕ್ಕಳಿಗೆ
ಶೆಡ್ಡು ಬೇಕಿತ್ತು, ಒಳಗಿದ್ದದ್ದು ಬೇಕಿರಲಿಲ್ಲ.
ಒಳಗಿದ್ದದ್ದು: ಕೆಂಪೆಂದು ಹೇಳಲಾಗುತ್ತಿದ್ದ ಒಂದು ಬಣ್ಣ,
ಕೋಳಿಗಳು ಮೊಟ್ಟೆಯಿಡುತ್ತಿದ್ದ ಸೀಟು,
ಎಡಗಡೆ ಸ್ಟೀರಿಂಗು,
ಮೂತಿಯ ಬಿಲ್ಲೆಯಲ್ಲಿ ಮನುಷ್ಯನನ್ನು ನುಂಗುತ್ತಿರುವ ಹಾವು.
ಆಲ್ಫಾ ರೋಮಿಯೋ. ಇಪ್ಪತ್ತೆರಡು ವರ್ಷ
ಮಾಪುಸಾದಲ್ಲಿ ಹಲ್ಲು ಕಿತ್ತ ದುಡ್ಡಿನಿಂದ ಕೊಂಡೆ.
ಓಡಿಸಿಕೊಂಡಲ್ಲ, ಟೆಂಪೋದಲ್ಲಿ ಹೊರಿಸಿಕೊಂಡು ಬಂದೆ.

ಕರಾಸವಾಡಾದಲ್ಲಿ ತಗಡು ಬಡಿಯುವ ರಾಜೇಸಾಬ,
ಗಜೇಂದ್ರಗಡದವನು. ಮೊದಲ ದಿನವೇ ಹೇಳಿದ:
"ನಿಮ್ದೂ ಡೆಂಟಿಂಗ್ ಕೆಲಸ, ನಂದೂ ಡೆಂಟಿಂಗ್ ಕೆಲಸ,
ರೊಕ್ಕದ ಮಾತು ಆಮ್ಯಾಲಾಡೂಣು."
ಬೆರಳ ಗೆಣ್ಣಿನಿಂದ ಬಾಗಿಲ ಕೆಳಗೆ ಬಡಿಯುತ್ತ ಹೋದ:
"ಇಲ್ಲಿ ತಗಡೈತ್ರಿ. ಇಲ್ಲೂ ಐತಿ. ಇಲ್ಲಿ ಬರೇ ಲಪ್ಪ."
ಅಯಸ್ಕಾಂತ ಹಿಡಿದು ನೋಡಿದೆ. ಜಾರಿ ಬಿತ್ತು.

ಯಾರೋ, ಎಷ್ಟು ಮಳೆಗಾಲದ ಹಿಂದೆಯೋ,
ಹುಳುಕು ಕೆರೆಯದೆ ಮೇಲಿಂದ ಮೇಲೆ ತುಂಬಿದ್ದ.
ಅಂಥವರನ್ನು ಬಲ್ಲೆ. ಅವರ ರೋಗಿಗಳು ಆಮೇಲೆ
ಕೆನ್ನೆ ಹಿಡಿದುಕೊಂಡು ನನ್ನಲ್ಲಿಗೆ ಬರುತ್ತಾರೆ.

ಉಳಿಯಿಟ್ಟು ಎಬ್ಬಿಸಿದರೆ ಪುಟ್ಟಿ ಹೆಂಟೆ ಹೆಂಟೆಯಾಗಿ ಬಂತು,
ಅದರ ಹಿಂದೆ ಅದುಮಿಟ್ಟ ಪೋರ್ಚುಗೀಸ್ ಪತ್ರಿಕೆ,
ಚಹದಲ್ಲಿ ಅದ್ದಿದ ಬಿಸ್ಕೀಟಿನ ಹಾಗೆ.
ಪಕ್ಕದ ಮನೆಯ ಎರ್ಮೆಲಿಂಡಾ ಕನ್ನಡಕ ಏರಿಸಿ ಓದಿದರು:
ತೆಂಗಿನ ದರ; ಕಳೆದುಹೋದ ನಾಯಿ, ಒಂದು ಕಿವಿ ಕಪ್ಪು;
ಅದರ ಮುಂದಿನದು ತುಕ್ಕು.
"ಸಿಕ್ತಂತೇನ್ರಿ ನಾಯಿ?"
ಅವತ್ತು ರಾಜೇಸಾಬನಿಗೆ ಕೆಲಸ ಸಾಗಲಿಲ್ಲ.

ಎರಡು ಮಳೆಗಾಲ ಹೋಯಿತು. ಇಲ್ಲಿಯ ಗಾಳಿಗೆ ಉಪ್ಪಿನ ನಾಲಗೆ.
ಇಂದು ಉಜ್ಜಿ ಬೆಳ್ಳಗೆ ಮಾಡಿದ ತಗಡು
ಬೆಳಗಾದರೆ ಅರಿಸಿನ ಹಚ್ಚಿಕೊಂಡು ಕೂತಿರುತ್ತದೆ ಮದುಮಗಳಂತೆ.
ತೂರಿನ್‌ನಿಂದ ಹೊರಟ ಸಾಮಾನು ಕಸ್ಟಮ್ಸಿನಲ್ಲಿ ಐದು ವಾರ;
ಅಷ್ಟರಲ್ಲಿ ರಾಜೇಸಾಬನ ಭಾವಮೈದ ಕುರ್ಲಾದ ಗುಜರಿಯಿಂದ
ಹಳೆ ಪದ್ಮಿನಿ ಟ್ಯಾಕ್ಸಿಯ ಆಯಿಲ್ ಸೀಲ್ ತಂದ.
ಒತ್ತಿದೆವು. ಕೂತಿತು.
ದೂರದ ಸಂಬಂಧ; ಮುಖದಲ್ಲಿ ಹೋಲಿಕೆಯಿಲ್ಲದಿದ್ದರೂ
ಮೊಣಕಾಲಿನಲ್ಲಿ ಸಿಗುತ್ತದಲ್ಲ, ಹಾಗೆ.

ರಾತ್ರಿ ಕೊನೆಯ ರೋಗಿ ಹೋದ ಮೇಲೆ
ಕಾರ್ಬುರೇಟರಿನ ಜೆಟ್ಟುಗಳನ್ನು ಸ್ಟೀಲಿನ ತಟ್ಟೆಗೆ ಸುರಿದು
ಹಲ್ಲಿನ ಬೇರಿಗೆ ಇಳಿಸುವ ಸೂಜಿಯಿಂದಲೇ ಬಿಡಿಸಿದೆ.
ತಪ್ಪದು, ಗೊತ್ತು. ತೂತು ಕೂದಲೆಳೆ ಹಿಗ್ಗಿದರೂ
ಎಂಜಿನ್ನು ಕುಡುಕನಾಗುತ್ತದೆ. ಹಗುರ ಕೈ ಬೇಕು.
ಅದೊಂದು ನನ್ನಲ್ಲಿದೆ.

ನಾಲ್ಕು ಗಂಟಲು ಅದಕ್ಕೆ.
ಒಂದೊಂದರ ಬಾಯಿಗೂ ರಬ್ಬರ್ ನಳಿಗೆ ಹಿಡಿದು
ಇನ್ನೊಂದು ತುದಿಯನ್ನು ಕಿವಿಗಿಟ್ಟು ಕೇಳಬೇಕು,
ನಾಲ್ಕೂ ಒಂದೇ ಉಸಿರೆಳೆಯುವ ತನಕ ಸ್ಕ್ರೂ ತಿರುಗಿಸಬೇಕು,
ಕಾಲು ಸುತ್ತು, ಕಾಲಿನಲ್ಲಿ ಕಾಲು.
ಮೂರನೆಯದು ಗೊರಕೆ ಹೊಡೆಯುತ್ತಿತ್ತು, ಒಂಬತ್ತು ದಿನ.

ಒಂದು ಭಾನುವಾರ, ಇಗರ್ಜಿಯ ಗಂಟೆಗೆ ಸ್ವಲ್ಪ ಮೊದಲು,
ಬಾಯಿ ಬಿಟ್ಟಿತು.
ಬರೀ ಸ್ವರ. ಅ-ಆದಿಂದ ಏರಿ ಊ ತನಕ.
ವ್ಯಂಜನಗಳೆಲ್ಲ ಗೇರ್‌ಬಾಕ್ಸಿನವು:
ಎರಡನೆಯದಕ್ಕೆ ಹಾಕುವಾಗ ಒಂದು ಒತ್ತಕ್ಷರ.

ಆಲ್ದೋನಾ ರಸ್ತೆಯಲ್ಲಿ ಹೋದೆವು, ಟಾಪು ಇಳಿಸಿ.
ಬಸ್ಸಿನ ಹಿಂದೆ ಸಿಕ್ಕರೆ ಎಡಕ್ಕೆ ಕೂತ ನನಗೆ ಎದುರಿನದು ಕಾಣದು;
ಬಲಕ್ಕೆ ಕೂತ ರಾಜೇಸಾಬನೇ ನನ್ನ ಕಣ್ಣು.
"ಬ್ಯಾಡ್ರಿ. ಬ್ಯಾಡ್ರಿ. ಬ್ಯಾಡ್ರಿ. ಈಗ ಹೊಡೀರಿ!"
ಹೊಡೆದೆ.
ಗದ್ದೆ, ಶಿಲುಬೆ, ಬಗಲಿಗೆ ಬಂದ ಬಸ್ಸಿನ ಕಿಟಕಿಯಲ್ಲಿ ಸಾಲು ಮುಖ,
ಆಮೇಲೆ ಏರಿನಲ್ಲಿ ಒಂದು ಕೆಮ್ಮು, ಮೌನ.
ಮೀನಿನ ಟೆಂಪೋಕ್ಕೆ ಹಗ್ಗ ಕಟ್ಟಿಸಿಕೊಂಡು ಮರಳಿದೆವು,
ಮುಂದಿನ ಗಾಜಿಗೆಲ್ಲ ಬಾಂಗಡೆಯ ನೀರು.

ಸೋಮವಾರ ಕುರ್ಚಿಯಲ್ಲಿ ಮಲಗಿದ ಪೋಸ್ಟ್‌ಮಾಸ್ತರ್ ನಾಗ್ವೇಕರ್,
ಬಾಯಿತುಂಬ ಹತ್ತಿ, ನಾಲಗೆ ಜೋಮು, ಕೇಳಿದರು:
"ಆ-ಇ ಓ-ಉ-ಆ?"
ಈ ಊರನ್ನು ಸ್ವರಗಳಲ್ಲೇ ಕೇಳಿಸಿಕೊಂಡವಳು ನಾನು.
ಓಡಿತು, ಎಂದೆ.
ಎಷ್ಟು ದೂರ ಎಂದು ಅವರು ಕೇಳುವ ಮೊದಲು
ಹತ್ತಿಯ ಇನ್ನೊಂದು ಉಂಡೆ ಇಟ್ಟೆ.